ಸೆಲ್ಲಾರ್ ಬಾಗಿಲು: ಮೊದಲು ತೊಲೆ ಕೂರಲಿ, ಆಮೇಲೆ ಗೋಡೆ ಕೊಯ್ಯಿ

ಸಂಪಾದಕರಿಗೆ,

ಮಾನ್ಯರೇ,

ಮೈಸೂರಿನ ಇಳಿಜಾರು ಬಡಾವಣೆಗಳಲ್ಲಿ ರಸ್ತೆಯಿಂದ ನೋಡಿದರೆ ಒಂದಂತಸ್ತು, ಹಿಂದಿನಿಂದ ನೋಡಿದರೆ ಎರಡಂತಸ್ತು ಕಾಣುವ ಮನೆಗಳು ಬೇಕಾದಷ್ಟಿವೆ. ಕೆಳಗಿನ ಸೆಲ್ಲಾರನ್ನು ಹಿಂದೆ ಸೌದೆ, ತೆಂಗಿನಕಾಯಿ, ಹಳೆ ಸಾಮಾನಿಗೆ ಬಿಡುತ್ತಿದ್ದರು. ಈಗ ಅದೇ ಜಾಗ ಸ್ಕೂಟರ್ ನಿಲ್ಲಿಸಲು, ಟ್ಯೂಷನ್ ನಡೆಸಲು, ಬಾಡಿಗೆಗೆ ಕೊಡಲು ಬೇಕು. ಆಗ ಅಡ್ಡ ಬರುವುದು 3 ಅಡಿಯ ಹಳೆಯ ಹೊರಬಾಗಿಲು. ಮನೆಯವರು ಗಾರೆಯವರನ್ನು ಕರೆಸುತ್ತಾರೆ, ಗಾರೆಯವರು ಬ್ರೇಕರ್ ಮಿಷನ್ ಬಾಡಿಗೆಗೆ ತರುತ್ತಾರೆ, ಸಂಜೆಯೊಳಗೆ ಬಾಗಿಲು 5 ಅಡಿಯಾಗುತ್ತದೆ. ಮೇಲಿನ ಮನೆಯ ಕಿಟಕಿ ಮೂಲೆಯಲ್ಲಿ ಓರೆ ಬಿರುಕು ಕಾಣಿಸಿಕೊಳ್ಳುವುದು ಅದಾದ ಮೇಲೆ, ನಿಧಾನವಾಗಿ. ಈ ಕೆಲಸಕ್ಕೊಂದು ಕ್ರಮವಿದೆ: ಬಾಗಿಲ ಮೇಲಿನ ಭಾರ ಹೊರುವ ಕಬ್ಬಿಣದ ತೊಲೆ ಮೊದಲು, ಗೋಡೆ ಕೊಯ್ಯುವುದು ಆಮೇಲೆ. ಬಾಗಿಲು ಅಗಲ ಮಾಡುವ ಮನಸ್ಸಿರುವ ಓದುಗರಿಗೆ ಅದು ಗೊತ್ತಿರಲಿ ಎಂದು ಈ ಪತ್ರ.

ಮೊದಲನೆಯದಾಗಿ, ಗೋಡೆ ಒಡೆಯುವುದು ನಿಜವಾಗಿ ಬೇಕೇ ಎಂದು ಟೇಪು ಹಿಡಿದು ನೋಡಿ. ಗೋಡೆಯಲ್ಲಿ 36 ಇಂಚು ಬಿಟ್ಟಿದ್ದರೆ ಎರಡೂ ಕಡೆ ಎರಡೂವರೆ ಇಂಚಿನ ಮರದ ಚೌಕಟ್ಟು ಕಳೆದು 31 ಇಂಚು ಉಳಿಯುತ್ತದೆ. ಬಾಗಿಲು ಪೂರ್ತಿ ತೆರೆದಾಗಲೂ ಹಲಗೆಯ ದಪ್ಪ ಒಂದೂವರೆ ಇಂಚು ಅಡ್ಡ ನಿಲ್ಲುತ್ತದೆ. ಕೈಗೆ ಸಿಗುವುದು ಇಪ್ಪತ್ತೊಂಬತ್ತೂವರೆ. ಸ್ಕೂಟರಿನ ಹ್ಯಾಂಡಲ್ ಸುಮಾರು 28 ಇಂಚು, ಹಾಗಾಗಿ ದಿನಾ ಬೆರಳು ತರಚುತ್ತದೆ. ಮರದ ಚೌಕಟ್ಟು ತೆಗೆದು ತೆಳು ಕಬ್ಬಿಣದ ಚೌಕಟ್ಟು ಕೂರಿಸಿ, ಹಲಗೆ ಗೋಡೆಯಾಚೆ ಪೂರ್ತಿ ಮಡಚಿಕೊಳ್ಳುವಂಥ ಪಾರ್ಲಿಮೆಂಟ್ ಹಿಂಜು ಹಾಕಿದರೆ ಎರಡು ಮೂರು ಇಂಚು ಪುಕ್ಕಟೆ ಸಿಗುತ್ತದೆ. ಸ್ಕೂಟರಿಗೆ ಅಷ್ಟು ಸಾಕು. ಗೋಡೆ ಮುಟ್ಟುವ ಪ್ರಮೇಯವೇ ಇಲ್ಲ. ಗಾಲಿಕುರ್ಚಿಗೆ ಮಾತ್ರ 900 ಮಿಲಿಮೀಟರ್, ಅಂದರೆ 3 ಅಡಿಯಷ್ಟು ತೆರವು ಬೇಕು, ಅದು ಈ ಉಪಾಯದಿಂದ ಆಗದು.

ಗೋಡೆ ಕೊಯ್ಯಲೇಬೇಕು ಎಂದಾದರೆ, ಸೆಲ್ಲಾರ್ ಬಾಗಿಲಿಗೂ ಮೇಲಿನ ಮನೆಯ ಬಾಗಿಲಿಗೂ ಇರುವ ವ್ಯತ್ಯಾಸ ತಿಳಿದಿರಬೇಕು. ಇಟ್ಟಿಗೆ ಗೋಡೆಯಲ್ಲಿ ಬಾಗಿಲಿನ ಮೇಲಿನ ಭಾರವೆಲ್ಲ ಲಿಂಟಲ್ (ಬಾಗಿಲ ತಲೆಯ ಮೇಲಿನ ಅಡ್ಡಪಟ್ಟಿ) ಮೇಲೆ ಬೀಳುವುದಿಲ್ಲ. ಇಟ್ಟಿಗೆಗಳು ಒಂದರ ಮೇಲೊಂದು ಹೆಣೆದುಕೊಂಡು ಕಮಾನಿನಂತೆ ಭಾರವನ್ನು ಎರಡೂ ಪಕ್ಕಕ್ಕೆ ದಾಟಿಸುತ್ತವೆ. ಲಿಂಟಲ್ ಹೊರುವುದು ಅದರ ಮೇಲಿನ ತ್ರಿಕೋನದಷ್ಟು ಗೋಡೆಯನ್ನು ಮಾತ್ರ. ಆದರೆ ಈ ಕಮಾನು ಕಟ್ಟಿಕೊಳ್ಳಲು ಎತ್ತರ ಬೇಕು. 3 ಅಡಿ ಬಾಗಿಲಿಗೆ ಸುಮಾರು ಎರಡೂವರೆ ಅಡಿ, 5 ಅಡಿ ಬಾಗಿಲಿಗೆ ನಾಲ್ಕೂಕಾಲು ಅಡಿ ಗಟ್ಟಿ ಗೋಡೆ ಮೇಲಿರಬೇಕು. ಎಂಟೂವರೆ ಅಡಿ ಎತ್ತರದ ಸೆಲ್ಲಾರಿನಲ್ಲಿ 7 ಅಡಿ ಬಾಗಿಲು, ಅರ್ಧ ಅಡಿ ಲಿಂಟಲ್ ಕಳೆದರೆ ಮೋಲ್ಡಿನ, ಅಂದರೆ ಕಾಂಕ್ರೀಟ್ ಛಾವಣಿಯ ಕೆಳಗೆ ಉಳಿಯುವುದು ಒಂದೇ ಅಡಿ. ಮೋಲ್ಡಿನ ಭಾರ ನೇರವಾಗಿ ಬಾಗಿಲ ಮೇಲೇ ಕೂರುತ್ತದೆ. ಮೋಲ್ಡಿನಾಚೆ ಮೇಲಿನ ಮನೆಯ ಗೋಡೆ ಗಟ್ಟಿಯಿದ್ದರೆ ಕಮಾನು ಅಲ್ಲಿ ಸ್ವಲ್ಪ ಕಟ್ಟಿಕೊಳ್ಳಬಹುದು. ಆದರೆ ನಮ್ಮ ಮನೆಗಳಲ್ಲಿ ಚೆಂದಕ್ಕೆಂದು ಬಾಗಿಲಿನ ನೇರಕ್ಕೇ ಮೇಲೆ ಕಿಟಕಿ ಇಟ್ಟಿರುತ್ತಾರೆ, ಆ ಆಸೆಯೂ ಇಲ್ಲ.

ಲೆಕ್ಕ ಹಾಕಿ ನೋಡೋಣ. ಕೋಣೆಯ ಅಗಲ 12 ಅಡಿ, ಮೋಲ್ಡ್ 5 ಇಂಚು, ನೆಲಹಾಸು ಮತ್ತು ಜನ, ಸಾಮಾನು ಸೇರಿ ಚದರ ಮೀಟರಿಗೆ ಸುಮಾರು 600 ಕೆಜಿ. ಅದರಲ್ಲಿ ಅರ್ಧ ಅಗಲದ ಪಾಲು ಈ ಗೋಡೆಗೆ ಬರುತ್ತದೆ: ಮೀಟರ್ ಉದ್ದಕ್ಕೆ 1.1 ಟನ್. ತಾರಸಿಯ ಮೋಲ್ಡಿನಿಂದ ಮತ್ತೆ ಅಷ್ಟೇ. ನಡುವಿನ 9 ಇಂಚಿನ, 10 ಅಡಿ ಎತ್ತರದ ಗೋಡೆ ಗಾರೆ ಸೇರಿ ಒಂದೂವರೆ ಟನ್. ಒಟ್ಟು ಮೀಟರಿಗೆ 3.7 ಟನ್, ಅಡಿಗೆ 1.1 ಟನ್. 5 ಅಡಿ ಬಾಗಿಲ ಮೇಲೆ ಐದೂವರೆ ಟನ್. ಕಬ್ಬು ತುಂಬಿದ ಎತ್ತಿನ ಗಾಡಿ ಮೂರನ್ನು ನೆತ್ತಿಯ ಮೇಲೆ ನಿಲ್ಲಿಸಿಕೊಂಡ ಹಾಗೆ. ಮೋಲ್ಡಿನ ಮುಖ್ಯ ಸರಳು ಬಾಗಿಲಿನ ಗೋಡೆಗೆ ಸಮಾನಾಂತರವಾಗಿ ಓಡಿದ್ದರೆ ಭಾರ ಕಡಿಮೆ. ಸಾಮಾನ್ಯವಾಗಿ ಅದು ಕೋಣೆಯ ಗಿಡ್ಡ ಬದಿಗೆ ಓಡಿರುತ್ತದೆ, ಹಾಗಾಗಿ ಉದ್ದನೆಯ ಗೋಡೆಗಳೇ ಹೆಚ್ಚು ಹೊರುತ್ತವೆ.

'ಲಿಂಟಲ್ ಮನೆ ಸುತ್ತ ಓಡಿದೆ ಸಾರ್, ಕೆಳಗೆ ಎಷ್ಟು ಬೇಕಾದರೂ ಕೊಯ್ಯಬಹುದು' ಎಂಬ ಮಾತನ್ನು ಧೈರ್ಯವಾಗಿ ಹೇಳುವವರಿದ್ದಾರೆ. ಸುತ್ತ ಓಡಿರುವುದು ನಿಜ. ಆದರೆ ಅದರೊಳಗೆ ಹಾಕಿರುವುದು 3 ಅಡಿ ಬಾಗಿಲಿಗೆ ಸಾಕಾಗುವಷ್ಟು, ಮೇಲೆ ಎರಡು ಕೆಳಗೆ ಎರಡು, 10 ಎಂಎಂ ಸರಳು. 3 ಅಡಿಯನ್ನು 5 ಅಡಿ ಮಾಡಿದಾಗ ಲಿಂಟಲ್ ಬಾಗುವ ಒತ್ತಡ ಹೆಚ್ಚುವುದು ಅಗಲದ ವರ್ಗಕ್ಕೆ ತಕ್ಕಂತೆ, ಅಂದರೆ ಸುಮಾರು 2.8 ಪಟ್ಟು. ಜೋತುಬೀಳುವ ಪ್ರಮಾಣವಂತೂ ಏಳು ಪಟ್ಟಿಗೂ ಹೆಚ್ಚು. ಅಗ್ರಹಾರ, ಲಕ್ಷ್ಮೀಪುರಂ ಕಡೆಯ ಹಳೇ ಮನೆಗಳಲ್ಲಿ ಲಿಂಟಲ್ ಜಾಗದಲ್ಲಿ ಕಲ್ಲು ಚಪ್ಪಡಿಯೋ ಮರದ ತೊಲೆಯೋ ಇರುತ್ತದೆ. ಮರ ಬಾಗಿ ಎಚ್ಚರಿಸುತ್ತದೆ. ಕಲ್ಲು ಬಾಗುವುದಿಲ್ಲ, ಎಚ್ಚರಿಸದೆ ಎರಡಾಗುತ್ತದೆ.

ಗೋಡೆ ಯಾವುದು ಎಂಬುದರ ಮೇಲೆ ಕೆಲಸ ನಿಂತಿದೆ. ಪಿಲ್ಲರ್, ಬೀಮು ಹಾಕಿ ಕಟ್ಟಿದ ಮನೆಯಾದರೆ ಗೋಡೆ ಬರೀ ಮರೆ. ಬಾಗಿಲು ಅಗಲ ಮಾಡುವುದು ಸುಲಭ, ಪಿಲ್ಲರಿಗೆ ಕೈ ಹಾಕದಿದ್ದರೆ ಸಾಕು. 9 ಇಂಚಿನ ಇಟ್ಟಿಗೆ, 8 ಇಂಚಿನ ಸಾಲಿಡ್ ಬ್ಲಾಕ್ ಸಿಮೆಂಟಿನಲ್ಲಿ ಕಟ್ಟಿದ್ದರೆ ಮುಂದೆ ಹೇಳುವ ಕ್ರಮ ನಡೆಯುತ್ತದೆ. ಹಾಲೋ ಬ್ಲಾಕಾದರೆ ಕೊಯ್ದ ಬದಿಯಲ್ಲಿ ತೂತುಗಳು ಬಾಯಿ ತೆರೆದಿರುತ್ತವೆ. ಅವಕ್ಕೆ ಸಣ್ಣ ಜೆಲ್ಲಿ ಕಾಂಕ್ರೀಟ್ ತುಂಬದೆ, ಚೌಕಟ್ಟನ್ನು ಗೋಡೆಗೆ ಬಿಗಿಯುವ ಹೋಲ್ಡ್‌ಫಾಸ್ಟ್ ಹಿಡಿಯುವುದಿಲ್ಲ. ಒಂದೂವರೆ ಅಡಿ ದಪ್ಪದ ಸೈಜುಗಲ್ಲಿನ ಗೋಡೆ ಮಾತ್ರ ಬೇರೆಯೇ ಜಾತಿ. ಹೊರಗೊಂದು ಒಳಗೊಂದು ಮುಖ, ನಡುವೆ ಚೂರುಗಲ್ಲು, ಮಣ್ಣು ಅಥವಾ ಸುಣ್ಣದ ಗಾರೆ. ಎರಡೂ ಮುಖವನ್ನು ಹಿಡಿದಿರುವ ಅಡ್ಡಗಲ್ಲುಗಳು ಎಲ್ಲಿವೆಯೆಂದು ಹೊರಗಿನಿಂದ ತಿಳಿಯದು. ಒಂದು ಕಲ್ಲೆಳೆದರೆ ಪಕ್ಕದ್ದು ಸಡಿಲವಾಗಿ ಹೊಟ್ಟೆಯೊಳಗಿನ ಚೂರು ಸುರಿಯಲು ಶುರುವಾಗುತ್ತದೆ. ಇಂಥ ಗೋಡೆಗೆ ಸ್ಟ್ರಕ್ಚರಲ್ ಎಂಜಿನಿಯರು ಸ್ಥಳಕ್ಕೆ ಬಂದು ನೋಡದೆ ಉಳಿ ಇಡಬಾರದು. ಮೇಲೆ ಎರಡಕ್ಕಿಂತ ಹೆಚ್ಚು ಅಂತಸ್ತಿದ್ದರೂ ಅಷ್ಟೆ.

ಯಾವ ಕಡೆಗೆ ಅಗಲ ಮಾಡಬೇಕು? ಮನೆಯ ಮೂಲೆಯಿಂದ ದೂರವಿರುವ ಕಡೆಗೆ. ಮೂಲೆಗೂ ಬಾಗಿಲಿಗೂ ನಡುವೆ ಕನಿಷ್ಠ 2 ಅಡಿ ಗಟ್ಟಿ ಗೋಡೆ ಉಳಿಯಬೇಕು. ಬಾಗಿಲಿನ ಭಾರವೆಲ್ಲ ಆ ತುಂಡು ಗೋಡೆಯ ಮೇಲೆ ಬಂದು ನಿಲ್ಲುತ್ತದೆ. ಮೇಲಿನ ಬೀಮು ಬಂದು ಕೂತ ಜಾಗದ ಕೆಳಗೆ ಬಾಗಿಲು ಬರಲೇಕೂಡದು. ಕೊಯ್ಯುವ ಗೆರೆಯಲ್ಲಿ ಕರೆಂಟಿನ ಪೈಪು, ನೀರಿನ ಲೈನು, ಸ್ನಾನದಮನೆಯ ಕೊಳವೆ ಇವೆಯೇ ನೋಡಿಕೊಳ್ಳಿ. ಹೊರಗೋಡೆಯ ತೆರವು ಬದಲಾಯಿಸಲು ಅನುಮತಿ ಬೇಕೇ ಎಂಬುದನ್ನು ಪಾಲಿಕೆಯ ವಲಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು, ವಿಶೇಷವಾಗಿ ವಾಹನಕ್ಕೆಂದು ನಕ್ಷೆಯಲ್ಲಿ ತೋರಿಸಿದ ಸೆಲ್ಲಾರನ್ನು ಬಾಡಿಗೆಗೆ ಕೊಡುವ ಯೋಚನೆಯಿದ್ದರೆ.

ಇನ್ನು ಸೆಲ್ಲಾರಿಗೇ ಸೇರಿದ ಸಂಗತಿ, ಮಣ್ಣಿನ ಒತ್ತಡ. ಬಾಗಿಲಿನ ಅಕ್ಕಪಕ್ಕದ ಗೋಡೆಗೆ ಹೊರಗಿನಿಂದ ಮಣ್ಣು ಆತುಕೊಂಡಿದ್ದರೆ ಆ ಗೋಡೆ ಮೇಲಿನ ಭಾರ ಹೊರುವುದಷ್ಟೇ ಅಲ್ಲ, ಪಕ್ಕದಿಂದ ಬರುವ ತಳ್ಳನ್ನೂ ತಡೆಯುತ್ತಿದೆ. 8 ಅಡಿ ಎತ್ತರದ ಒಣ ಗರಸು ಮಣ್ಣು ಮೀಟರ್ ಉದ್ದದ ಗೋಡೆಯನ್ನು ಸುಮಾರು 1.7 ಟನ್ ಬಲದಿಂದ ತಳ್ಳುತ್ತದೆ. ಅದೇ ಮಣ್ಣಿನಲ್ಲಿ ನೀರು ತುಂಬಿ ನಿಂತರೆ ಮೂರೂವರೆ ಟನ್ ದಾಟುತ್ತದೆ. ಬಾಗಿಲಿನ ಅಂಚು ಗೋಡೆಗೆ ಹಿಡಿತವಿಲ್ಲದ ಕಡೆ. ಅಲ್ಲಿ ಎರಡಡಿ ಕೊಯ್ದರೆ ಆ ಹಿಡಿತವಿಲ್ಲದ ಅಂಚು ಎರಡಡಿ ಆಚೆ ಸರಿಯುತ್ತದೆ, ಮಣ್ಣು ಮಾತ್ರ ಅಲ್ಲೇ ಇರುತ್ತದೆ. ಇಂಥ ಕಡೆ ಕೊಯ್ದ ಅಂಚಿಗೆ 9 ಇಂಚು ಚೌಕದ ಆರ್‌ಸಿಸಿ ಕಂಬ, ನಾಲ್ಕು 12 ಎಂಎಂ ಸರಳು ಹಾಕಿ, ಕೆಳಗೆ ಪಾಯಕ್ಕೂ ಮೇಲೆ ಮೋಲ್ಡಿಗೂ ಸರಳನ್ನು ಕಚ್ಚಿಸಿ ನಿಲ್ಲಿಸಬೇಕು. ಕಂಬಕ್ಕೆ ಹೋಗುವ 9 ಇಂಚನ್ನು ಕೊಯ್ಯುವ ಅಳತೆಯಲ್ಲೂ, ಮೇಲಿನ ತೊಲೆಯ ಉದ್ದದಲ್ಲೂ ಮೊದಲೇ ಸೇರಿಸಿಕೊಳ್ಳಬೇಕು. ಹೊರಗಿನ ಮೆಟ್ಟಿಲು ಅಗಲ ಮಾಡಲು ಮಣ್ಣು ತೆಗೆಯುವಾಗ ಪಾಯದ ತಳಕ್ಕಿಂತ ಕೆಳಗೆ ಗುದ್ದಲಿ ಇಳಿಯಬಾರದು. ಪಕ್ಕದವರ ಕಾಂಪೌಂಡ್ ಮೂರು ಅಡಿ ದೂರದಲ್ಲಿದ್ದರೆ ಅದರ ಪಾಯದ ಆಳವನ್ನೂ ವಿಚಾರಿಸಿಕೊಂಡೇ ಅಗೆಯಬೇಕು.

ಹಾಗಾಗಿ ಈ ಕೆಲಸದ ಕಾಲ ಜನವರಿಯಿಂದ ಮಾರ್ಚ್. ನಮ್ಮಲ್ಲಿ ಮೇ ತಿಂಗಳಲ್ಲೂ ಸೆಪ್ಟೆಂಬರ್, ಅಕ್ಟೋಬರಿನಲ್ಲೂ ಮಳೆ ಜೋರು. ಬೇಸಿಗೆ ರಜೆಯಲ್ಲಿ ಮಾಡಿಸೋಣ ಎಂದು ಮೇಗೆ ತಳ್ಳಿದರೆ ಗೋಡೆ ಬಾಯಿ ಬಿಟ್ಟಿರುವಾಗಲೇ ಗುಡುಗು ಮಳೆ ಬರುತ್ತದೆ. ಮಂಡ್ಯದ ಕಡೆ ಗದ್ದೆ ಬಯಲಿಗೆ ತಾಗಿದ ಬಡಾವಣೆಗಳಲ್ಲಿ ಮಳೆಯ ಜೊತೆಗೆ ನಾಲೆಯನ್ನೂ ನೋಡಬೇಕು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಾಗ ಸುತ್ತಲ ನೆಲದ ನೀರೂ ಮೇಲೇರುತ್ತದೆ. ಮೈಸೂರಿನಲ್ಲೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾದದ್ದು 2012ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಬಿದ್ದದ್ದು 2016ರ ಆಗಸ್ಟ್‌ನಲ್ಲಿ. ಹಳೆಯ ಗಾರೆಯ ಗೋಡೆ ಇರುವವರು ಮಳೆಗಾಲದ ಆ ತಿಂಗಳನ್ನು ಮರೆಯಬಾರದು.

ಈಗ ಕೆಲಸಕ್ಕೆ ಬರೋಣ. 3 ಅಡಿಯನ್ನು 5 ಅಡಿ ಮಾಡಬೇಕು, 9 ಇಂಚಿನ ಸಿಮೆಂಟ್ ಗೋಡೆ, ಬಾಗಿಲಿನ ಬದಿಗೆ ಮಣ್ಣು ಆತಿಲ್ಲ, ಮೇಲೆ ಒಂದು ಮನೆ, ಅದರ ಮೇಲೆ ತಾರಸಿ ಎಂದಿಟ್ಟುಕೊಳ್ಳಿ.

ಲಿಂಟಲಿನಿಂದ ಸಜ್ಜ ಹೊರಟಿದ್ದರೆ ಎಲ್ಲಕ್ಕಿಂತ ಮೊದಲು ಅದು ಇಳಿಯಬೇಕು. ಸಜ್ಜ ತನ್ನಷ್ಟಕ್ಕೆ ನಿಂತಿಲ್ಲ, ಹಿಂದಿನ ತುದಿಯನ್ನು ಮೇಲಿನ ಗೋಡೆ ಅದುಮಿ ಹಿಡಿದಿದೆ. ಆ ಗೋಡೆಯನ್ನು ಕೊರೆದರೆ, ಅಥವಾ ಲಿಂಟಲನ್ನು ತುಂಡು ಮಾಡಿದರೆ ಸಜ್ಜ ಮುಂದಕ್ಕೆ ಮುಗ್ಗರಿಸುತ್ತದೆ. 2 ಅಡಿ ಅಗಲ, 5 ಅಡಿ ಉದ್ದ, 3 ಇಂಚು ದಪ್ಪದ ಸಜ್ಜದ ತೂಕ ಸುಮಾರು 170 ಕೆಜಿ, ಅದರ ಕೆಳಗೇ ಆಳು ಕೂತು ಕೊಯ್ಯುತ್ತಿರುತ್ತಾನೆ. ಕೆಳಗೆ ಜಾಕಿ (ತಿರುಪಿನಿಂದ ಉದ್ದ ಮಾಡುವ ಕಬ್ಬಿಣದ ಆನಿಕೆ ಕಂಬ) ಕೊಟ್ಟು, ಹೊರತುದಿಯಿಂದ ಗೋಡೆಯ ಕಡೆಗೆ ತುಂಡು ತುಂಡಾಗಿ ಕೊಯ್ದು ಇಳಿಸಬೇಕು. ಮುಂದೆ ಬಿಸಿಲು ಮಳೆಗೆ ಕಬ್ಬಿಣದ ಬ್ರಾಕೆಟ್ ಮೇಲೆ ಹಗುರ ಶೀಟು ಸಾಕು. ಕಬ್ಬಿಣದ ತೊಲೆಗೆ ಮತ್ತೆ ಕಾಂಕ್ರೀಟ್ ಸಜ್ಜ ಜೋಡಿಸುವ ಹುಚ್ಚು ಬೇಡ.

ಆಮೇಲೆ ಆನಿಕೆ. ಗೋಡೆಯಿಂದ ಒಂದೂವರೆ ಅಡಿ ಒಳಗೆ ಮೋಲ್ಡಿನ ಕೆಳಗೆ 4 ಇಂಚು ದಪ್ಪದ ರನ್ನರ್ (ಉದ್ದಕ್ಕೆ ಹಿಡಿಯುವ ಅಡ್ಡತೊಲೆ), ಅದಕ್ಕೆ 2 ಅಡಿಗೊಂದರಂತೆ ಐದು ಕಬ್ಬಿಣದ ಜಾಕಿ. ಬಾಗಿಲಿನ ಎರಡೂ ಪಕ್ಕಕ್ಕೆ ಒಂದೂವರೆ ಅಡಿ ದಾಟಿಯೇ ನಿಲ್ಲಬೇಕು. ಪೂರ್ತಿ ಚಾಚಿದ ಜಾಕಿಗೆ ಒಂದೂವರೆ ಟನ್‌ಗಿಂತ ಹೆಚ್ಚು ಲೆಕ್ಕ ಹಿಡಿಯಬಾರದು. ತೂಗುಗುಂಡು ಬಿಟ್ಟು ನೆಟ್ಟಗಿದೆಯೇ ನೋಡಬೇಕು, ವಾಲಿದ ಜಾಕಿ ಅರ್ಧ ಜಾಕಿ. ಬಾಡಿಗೆ ಜಾಕಿಗಳಲ್ಲಿ ಅಸಲಿ ಪಿನ್ ಕಳೆದುಹೋಗಿ ಅದರ ಜಾಗಕ್ಕೆ ಬಗ್ಗಿದ ಸರಳಿನ ಚೂರು ತೂರಿಸಿರುವುದು ಸಾಮಾನ್ಯ. ಅಂಥದ್ದನ್ನು ಅಂಗಡಿಯವನಿಗೇ ವಾಪಸ್ ಕಳಿಸಿ, ಇಡೀ ಭಾರ ನಿಂತಿರುವುದು ಆ ಪಿನ್ನಿನ ಮೇಲೆ. ತಳಕ್ಕೆ 2 ಇಂಚು ದಪ್ಪದ ಹಲಗೆ. ಸೆಲ್ಲಾರಿಗೆ ಕಾಂಕ್ರೀಟ್ ನೆಲವಿದ್ದರೂ ಹಲಗೆ ಬೇಕು, ಬರೀ ಮಣ್ಣಾದರೆ ಒಂದೊಂದು ಜಾಕಿಗೂ ಮೂರಡಿ ಉದ್ದದ ಹಲಗೆ ಬೇಕು. ತಿರುಪನ್ನು ಕೈಯಲ್ಲಿ ಬಿಗಿಯಾಗುವವರೆಗೆ ತಿರುಗಿಸಿ ಇನ್ನೊಂದು ಕಾಲು ಸುತ್ತು ಕೊಟ್ಟರೆ ಸಾಕು. ಪೈಪು ಹಾಕಿ ತಿರುವಿ ಮೋಲ್ಡನ್ನೇ ಎತ್ತಲು ಹೊರಟರೆ ಮೇಲಿನ ಮನೆಯ ಟೈಲ್ಸ್ ಸಿಡಿಯುತ್ತವೆ.

ತೊಲೆಗೆ ನಮ್ಮ ಆಯ್ಕೆ 150 ಎಂಎಂ ಸಿ ಚಾನಲ್ (ಇಂಗ್ಲಿಷಿನ ಸಿ ಅಕ್ಷರದ ಆಕಾರದ ಕಬ್ಬಿಣದ ತೊಲೆ) ಎರಡು, ತಲಾ 7 ಅಡಿ: 5 ಅಡಿ ತೆರವು, ಎರಡೂ ಕಡೆ ಒಂದೊಂದು ಅಡಿ ಕೂರಲು. ಮೀಟರಿಗೆ 16.4 ಕೆಜಿಯಂತೆ ಒಂದೊಂದು ಸುಮಾರು 35 ಕೆಜಿ, ಇಬ್ಬರು ಹೆಗಲ ಮಟ್ಟಕ್ಕೆ ಎತ್ತಬಹುದು. ಮೇಲಿನ ಲೆಕ್ಕದ ಭಾರಕ್ಕೆ ಇಂಥದೊಂದೇ ಚಾನಲ್ ಅಂಚಿಗೆ ಅಂಚು ತಾಳುತ್ತದೆ. ಎರಡು ಹಾಕುವುದು ಬಲಕ್ಕಿಂತಲೂ ಬಾಗದಿರಲಿ ಎಂದು; ತೊಲೆ 3 ಮಿಲಿಮೀಟರ್ ಜೋತರೂ ಮೇಲಿನ ಇಟ್ಟಿಗೆ ಅದನ್ನು ಕ್ಷಮಿಸುವುದಿಲ್ಲ. ಹೊಸದಾಗಿ ಆರ್‌ಸಿಸಿ ಲಿಂಟಲ್ ಹಾಕಬಾರದೇ ಎಂದು ಕೇಳುವವರುಂಟು. ಎರಕ ಹೊಯ್ದು ತಂದರೆ ಅದೇ ಅಳತೆಯದು 180 ಕೆಜಿ ದಾಟುತ್ತದೆ. ಸ್ಥಳದಲ್ಲೇ ಹೊಯ್ಯುವುದಾದರೆ ಕ್ಯೂರಿಂಗ್ ಮುಗಿಯುವ ತನಕ ಗೋಡೆ ಬಾಯಿ ತೆರೆದು ನಿಂತಿರಬೇಕು, ಕಾಂಕ್ರೀಟ್ ಕುಗ್ಗಿ ಮೇಲೆ ಸಂದು ಬೇರೆ ಬಿಡುತ್ತದೆ.

ಚಾನಲ್ಲಿನ ತುದಿ ನೇರ ಇಟ್ಟಿಗೆಯ ಮೇಲೆ ಕೂರಬಾರದು. ಒಂದೊಂದು ತುದಿಗೂ ಮೂರೂವರೆಯಿಂದ ನಾಲ್ಕು ಟನ್ ಬರುತ್ತದೆ, ಸಾಧಾರಣ ಇಟ್ಟಿಗೆ ಅದಕ್ಕೆ ನುಗ್ಗಾಗುತ್ತದೆ. ಮೊದಲು ಎರಡೂ ತುದಿಗಳಲ್ಲಿ ಗೋಡೆಯ ಪೂರ್ತಿ ದಪ್ಪಕ್ಕೆ 12 ಇಂಚು ಉದ್ದದ ಗೂಡು ಕೊರೆದು 9 ಇಂಚು ಅಗಲ, 6 ಇಂಚು ಎತ್ತರದ ಕಾಂಕ್ರೀಟ್ ಬೆಡ್ ಬ್ಲಾಕ್ ಹೊಯ್ಯಿರಿ, ಸಿಮೆಂಟು, ಎಂ ಸ್ಯಾಂಡು, ಜೆಲ್ಲಿ ಒಂದಕ್ಕೆ ಒಂದೂವರೆಗೆ ಮೂರು. ಏಳು ದಿನ ನೀರು ಹಾಕಿ. ಅವಸರವಿದ್ದರೆ ಅದೇ ಅಳತೆಯ ಗ್ರಾನೈಟ್ ಕಲ್ಲನ್ನು ಗಾರೆಯಲ್ಲಿ ಕೂರಿಸಬಹುದು, ನಮ್ಮ ಸೀಮೆಯಲ್ಲಿ ಕಲ್ಲಿಗೇನು ಬರ. ಎರಡೂ ಬ್ಲಾಕಿನ ತಲೆ ಒಂದೇ ಮಟ್ಟಕ್ಕಿದೆಯೇ ಎಂದು ನೀರಿನ ಟ್ಯೂಬು ಹಿಡಿದು ನೋಡಿ.

ಇನ್ನು ಈ ಕೆಲಸದ ಜೀವಾಳ. ಹಳೆಯ ಲಿಂಟಲ್ಲನ್ನು ಹಾಗೇ ಬಿಟ್ಟು, ಅದರ ಮೇಲೆ ಮೋಲ್ಡಿನ ಕೆಳಗಿರುವ ಅಡಿಯಷ್ಟು ಜಾಗದಲ್ಲಿ, ಒಳಮುಖದಿಂದ ಮಾತ್ರ ನಾಲ್ಕೂವರೆ ಇಂಚು ಆಳಕ್ಕೆ 7 ಅಡಿ ಉದ್ದದ ಗಾಡಿ (ಕಾಲುವೆಯಂಥ ಕೊರೆತ) ಕೊಯ್ಯಬೇಕು. ಎತ್ತರ 7 ಇಂಚು. ಹೊರಗಿನ ಅರ್ಧ ಗೋಡೆ ಆ ಹೊತ್ತಿಗೆ ಭಾರ ಹಿಡಿದಿರುತ್ತದೆ, ಒಳಗಿನ ಜಾಕಿಗಳು ಮೋಲ್ಡನ್ನು ಹಿಡಿದಿರುತ್ತವೆ. ಅಡ್ಡಲಾಗಿ ಕಟ್ಟಿದ ಇಟ್ಟಿಗೆಗಳು ಎರಡೂ ಮುಖಕ್ಕೆ ಚಾಚಿರುವುದರಿಂದ ಸುತ್ತಿಗೆ ಹೊಡೆದರೆ ಹೊರಗಿನ ಅರ್ಧವೂ ಅಲುಗುತ್ತದೆ, ಡೈಮಂಡ್ ಬ್ಲೇಡಿನಲ್ಲೇ ಕೊಯ್ಯಬೇಕು. ಸಾಮಾನ್ಯ 4 ಇಂಚಿನ ಗ್ರೈಂಡರ್ ಒಂದೂಕಾಲು ಇಂಚಿಗಿಂತ ಆಳ ಹೋಗದು. 14 ಇಂಚು ಬ್ಲೇಡಿನ ಕಟಿಂಗ್ ಮಿಷನ್ ಬೇಕು, ಅದು ಸುಮಾರು 5 ಇಂಚು ಇಳಿಯುತ್ತದೆ. ಗಾಡಿಗೆ ಮೊದಲ ಚಾನಲ್ ಎತ್ತಿ ಬೆಡ್ ಬ್ಲಾಕಿನ ಮೇಲಿಡಿ, ಚಪ್ಪಟೆ ಬೆನ್ನು ಗೋಡೆಯ ನಡುವಿಗೆ ಬರಲಿ. ಮೇಲುಗಡೆ ಅಡಿಗೊಂದು ಕಬ್ಬಿಣದ ಬೆಣೆ ಹೊಡೆದು, ಉಳಿದ ಒಂದು ಇಂಚು ಸಂದಿಗೆ ಒಣ ಗಾರೆ ಗಿಡಿಯಿರಿ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು, ನೀರು ಎಷ್ಟೆಂದರೆ ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. ಮರದ ತುಂಡು ಇಟ್ಟು ಸುತ್ತಿಗೆಯಿಂದ ಬಡಿದು ಬಡಿದು ತುಂಬಬೇಕು. ಕುಗ್ಗದ ಗ್ರೌಟ್ (ಸಂದಿ ತುಂಬುವ ಸಿದ್ಧ ಗಾರೆ) ಒಂದು 25 ಕೆಜಿ ಚೀಲ ತಂದರೆ ಇನ್ನೂ ವಾಸಿ.

ಈ ಗಿಡಿಯುವ ಕೆಲಸವನ್ನು ಬಹಳ ಜನ ನೀರುಗಾರೆ ಮೆತ್ತಿ ಮುಗಿಸುತ್ತಾರೆ, ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ನೀರುಗಾರೆ ಒಣಗುವಾಗ ಕುಗ್ಗಿ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಜಾಕಿ ತೆಗೆದ ದಿನ ಗೋಡೆ ಆ ಸಂದಿನಷ್ಟು ಕೆಳಗಿಳಿದು ತೊಲೆಯ ಮೇಲೆ ಕೂರುತ್ತದೆ. ಮೇಲಿನ ಮನೆಯ ಕಿಟಕಿ ಮೂಲೆಯಿಂದ ಓರೆ ಬಿರುಕು ಹೊರಡುವುದು ಬಹುಪಾಲು ಇದರಿಂದಲೇ. ಆಗ ಚಾನಲ್ ಸಣ್ಣದಾಯಿತು ಎಂದು ದೂರುವುದುಂಟು. ಚಾನಲ್ ಸರಿಯಾಗೇ ಇರುತ್ತದೆ, ಅದರ ಮೇಲಿನ ಒಂದು ಇಂಚು ಸರಿಯಿರುವುದಿಲ್ಲ.

ಒಣ ಗಾರೆಗೆ ಏಳು ದಿನ, ಗ್ರೌಟಿಗೆ ಮೂರು ದಿನ ಬಿಟ್ಟು ಹೊರಮುಖದಿಂದ ಎರಡನೇ ಅರ್ಧ ಕೊಯ್ದು ಎರಡನೇ ಚಾನಲ್ ಇದೇ ರೀತಿ ಕೂರಿಸಿ. ಎರಡನ್ನೂ ಬೆನ್ನಿಗೆ ಬೆನ್ನು ಸೇರಿಸಿ ಒಂದೂವರೆ ಅಡಿಗೊಂದು 16 ಎಂಎಂ ಬೋಲ್ಟು ಹಾಕಿ. ತೂತುಗಳನ್ನು ನೆಲದ ಮೇಲೇ ಜೋಡಿಸಿ ಕೊರೆದಿರಬೇಕು, ಗೋಡೆಯೊಳಗೆ ಕೂತ ಮೇಲೆ ಕೊರೆಯಲಾಗದು. ಸೆಲ್ಲಾರಿನ ತೇವಕ್ಕೆ ಬರೀ ರೆಡ್ ಆಕ್ಸೈಡ್ ಬಾಳುವುದಿಲ್ಲ. ಕೂರಿಸುವ ಮುಂಚೆ ತುಕ್ಕು ಉಜ್ಜಿ ಜಿಂಕ್ ಪ್ರೈಮರ್ ಎರಡು ಕೋಟು ಹೊಡೆಯಿರಿ. ಗಾರೆ ಹಿಡಿಯಲು ಚಾನಲ್ಲಿಗೆ ಕೋಳಿ ಮೆಶ್ ಸುತ್ತಿ, ಅದು ಆಚೀಚೆ ಗೋಡೆಗೂ 6 ಇಂಚು ಚಾಚಿರಲಿ. ಇಲ್ಲವೆಂದರೆ ಪ್ಲಾಸ್ಟರ್ ಒಣಗುತ್ತಲೇ ತೊಲೆಯುದ್ದಕ್ಕೂ ಗೆರೆ ಬಿಡುತ್ತದೆ.

ಎರಡನೆಯ ಚಾನಲ್ಲಿನ ಗಾರೆ ಗಟ್ಟಿಯಾದ ಮೇಲೆಯೇ ಬಾಗಿಲಿನ ಪಕ್ಕಕ್ಕೆ ಕೈ ಹಾಕಬೇಕು. ಹಳೆಯ ಲಿಂಟಲಿಗೆ ಜಾಕಿ ಕೊಟ್ಟು, ಸುತ್ತ ಓಡಿದ ಲಿಂಟಲಾದರೆ ಹೊಸ ಬಾಗಿಲಿನ ಗೆರೆಯಲ್ಲಿ ಬ್ಲೇಡಿನಿಂದ ಕೊಯ್ದು ತುಂಡು ಮಾಡಿ ಇಳಿಸಿ. 5 ಅಡಿ ಉದ್ದದ ತುಂಡು 130 ಕೆಜಿ ತೂಗುತ್ತದೆ, ಹಾಗಾಗಿ ಮೂರು ಪಾಲು ಮಾಡುವುದು ಮೇಲು. ಸುತ್ತಿಗೆಯಲ್ಲಿ ಒಡೆದರೆ ಒಳಗಿನ ಸರಳು ಉಳಿದ ಲಿಂಟಲನ್ನೂ ಜಗ್ಗುತ್ತದೆ. ಆಮೇಲೆ ಬದಿಯ ಗೋಡೆಯನ್ನು ಎರಡೂ ಮುಖದಿಂದ ಕೊಯ್ದು, ಮೇಲಿನ ವರಸೆಯಿಂದ ಕೆಳಕ್ಕೆ ಒಂದೊಂದೇ ವರಸೆ ಬಿಡಿಸಿ. ಕೆಳಗಿನಿಂದ ಶುರುಮಾಡಿ ಮೇಲಿನದು ತಾನಾಗಿ ಬೀಳಲಿ ಎನ್ನುವವರನ್ನು ಅಂದೇ ಲೆಕ್ಕ ಮುಗಿಸಿ ಕಳಿಸುವುದು ಕ್ಷೇಮ.

ಕೊಯ್ದ ಅಂಚಿಗೆ 4 ಇಂಚು ದಪ್ಪದ ಕಾಂಕ್ರೀಟ್ ಜಾಂಬ್ (ಬಾಗಿಲಿನ ಬದಿಯ ಕಟ್ಟು), ಎರಡಡಿಗೊಂದು 8 ಎಂಎಂ ಸರಳು ಗೋಡೆಗೆ ಕಚ್ಚಿಸಿ ಹೊಯ್ದರೆ ಚೌಕಟ್ಟು ಗಟ್ಟಿ ನಿಲ್ಲುತ್ತದೆ. ಅಂದಮೇಲೆ ಅಳತೆ ಮೊದಲೇ ಯೋಚಿಸಿ: 60 ಇಂಚು ಕೊಯ್ದಿರಿ, ಎರಡು ಜಾಂಬಿಗೆ 8 ಇಂಚು, ಕಬ್ಬಿಣದ ಚೌಕಟ್ಟಿಗೆ 4 ಇಂಚು ಹೋದರೆ ಉಳಿಯುವುದು ಸರಿಯಾಗಿ 4 ಅಡಿ. ಬಾಗಿಲು ತಂದ ಮೇಲೆ ಈ ಲೆಕ್ಕ ಹಾಕಿ ಮತ್ತೆ ಗೋಡೆ ಕೊಯ್ದರೆ ತೊಲೆ ಕೂತ ಒಂದು ಅಡಿಗೇ ಕುತ್ತು. ಮರದ ಚೌಕಟ್ಟು ಸೆಲ್ಲಾರಿನ ಒದ್ದೆ ನೆಲಕ್ಕೆ ತಾಗಿ ಬುಡದಿಂದ ಲಡ್ಡಾಗುತ್ತದೆ. ಕಲ್ಲಿನದು ಅಥವಾ ಜಿಐ (ಸತು ಲೇಪಿಸಿದ ಕಬ್ಬಿಣ) ಚೌಕಟ್ಟು ಹಾಕಿ.

ಜಾಂಬಿನ ಹೊರಮುಖಕ್ಕೆ ವಾಟರ್‌ಪ್ರೂಫ್ ಪುಡಿ ಬೆರೆಸಿದ 1:3 ಗಾರೆ. ಹಳೆಯ ಗೋಡೆಯ ಡಾಂಬರು ಅಥವಾ ವಾಟರ್‌ಪ್ರೂಫ್ ಪದರ ಕೊಯ್ದ ಕಡೆ ತುಂಡಾಗಿರುತ್ತದೆ, ಅದನ್ನು ಹೊಸ ಅಂಚಿನವರೆಗೂ ಎಳೆಯಬೇಕು. ಇದನ್ನು ಬಿಟ್ಟರೆ ಮೊದಲ ಮಳೆಗೇ ಚೌಕಟ್ಟಿನ ಪಕ್ಕದಲ್ಲಿ ಉಪ್ಪು ಮೂಡುತ್ತದೆ.

ಬಾಗಿಲು ಮೆಟ್ಟಿಲಿಳಿದು ಹೋಗುವಂಥದಾದರೆ ನೀರಿನ ದಾರಿಯನ್ನೂ ಅಗಲ ಮಾಡಿ. 50 ಚದರ ಅಡಿಯ ಮೆಟ್ಟಿಲ ಗುಂಡಿಗೆ ಗಂಟೆಗೆ 50 ಮಿಲಿಮೀಟರ್ ಮಳೆ ಬಿದ್ದರೆ 230 ಲೀಟರ್ ನೀರು ಬಾಗಿಲ ಮುಂದೆ ಬಂದು ನಿಲ್ಲುತ್ತದೆ, ರಸ್ತೆಯಿಂದ ಹರಿದು ಬರುವುದು ಬೇರೆ. ಬಾಗಿಲು 5 ಅಡಿ ಮಾಡಿ ಎದುರಿನ ಜಾಲರಿ ಮೋರಿಯನ್ನು ಹಳೆಯ 3 ಅಡಿಗೇ ಬಿಟ್ಟರೆ ಪಕ್ಕದಿಂದ ನೀರು ನುಗ್ಗುತ್ತದೆ. ಮೋರಿ ಬಾಗಿಲಿನ ಪೂರ್ತಿ ಅಗಲಕ್ಕಿರಲಿ, 110 ಎಂಎಂ ಪೈಪಿಗೆ ಕೂಡಲಿ. ನೀರು ತಾನಾಗಿ ಹರಿಯದ ತಗ್ಗಾದರೆ ಸಣ್ಣ ಸಂಪು, ಫ್ಲೋಟ್ ಸ್ವಿಚ್ಚಿನ ಪಂಪು ಬೇಕೇ ಬೇಕು. ಸ್ಕೂಟರ್ ಹೋಗಲಿ ಎಂದು ಹೊಸಿಲು ತೆಗೆಯುವವರು ಆ 6 ಇಂಚಿನ ತಡೆಯನ್ನು ಮೇಲಿನ ಮೆಟ್ಟಿಲಿನ ಬಾಯಿಯಲ್ಲಿ ಇಳಿಜಾರು ದಿಬ್ಬವಾಗಿ ಕಟ್ಟಿಕೊಳ್ಳಲಿ. ಗಾಲಿಕುರ್ಚಿಯ ಇಳಿಜಾರಿಗೆ 1 ಅಡಿ ಇಳಿಯಲು 12 ಅಡಿ ಉದ್ದ ಬೇಕು. 8 ಅಡಿ ಆಳದ ಸೆಲ್ಲಾರಿಗೆ 96 ಅಡಿ, ಅಂದರೆ 30 ಬೈ 40 ಸೈಟಿನಲ್ಲಿ ಆಗದ ಮಾತು. ಹಿಂಬದಿ ನೆಲಮಟ್ಟಕ್ಕೇ ಬಾಗಿಲಿರುವ ಇಳಿಜಾರು ಸೈಟಿನವರಿಗಷ್ಟೇ ಆ ಅನುಕೂಲ.

ಒಟ್ಟು ಕೆಲಸಕ್ಕೆ ಇಬ್ಬರು ಮೇಸ್ತ್ರಿ, ಇಬ್ಬರು ಆಳು ಸಾಕು. ಹಿಡಿಯುವುದು ಮೂರು ವಾರ, ಅದರಲ್ಲಿ ಮುಕ್ಕಾಲು ಪಾಲು ಕಾಯುವುದೇ. ಮನೆಯವರಿಗೆ ಇದು ಸೋಮಾರಿತನದಂತೆ ಕಂಡು, ದಿನಗೂಲಿ ಬದಲು ಗುತ್ತಿಗೆ ಕೊಟ್ಟು ಅವಸರ ಮಾಡುತ್ತಾರೆ. ಗುತ್ತಿಗೆ ಕೊಡುವುದೇ ಆದರೆ ಮುಂಗಡ ಕೊಡುವ ಮುಂಚೆ ಕೇಳಬೇಕಾದ್ದು ಮೂರು: ಜಾಕಿ ಎಷ್ಟು ಮತ್ತು ಎಲ್ಲಿ, ತೊಲೆ ಕೂರುವುದು ಗೋಡೆ ಕೊಯ್ಯುವ ಮೊದಲೋ ಆಮೇಲೋ, ಅದರ ಮೇಲಿನ ಸಂದಿಗೆ ಏನು ತುಂಬುತ್ತೀರಿ. ಮೂರಕ್ಕೂ ತಡವರಿಸದೆ ಉತ್ತರ ಹೇಳುವವರಿಗೆ ಕೆಲಸ ಕೊಡಿ, ಕೂಲಿ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ. ಮನೆ ನಕ್ಷೆಗೆ ಮಂಜೂರಾತಿ ಕೊಡುವ ಕಚೇರಿಗಳು ಇಂಥ ದುರಸ್ತಿಗೆ ಬೇಕಾದ ಕ್ರಮವನ್ನು ಒಂದು ಪುಟ ಕನ್ನಡದಲ್ಲಿ ಅಚ್ಚು ಹಾಕಿಸಿ ಕಿಟಕಿಯಲ್ಲಿ ಅಂಟಿಸಿದರೆ ದೊಡ್ಡ ಖರ್ಚಲ್ಲ. ಕೆಡವುವ ಕೆಲಸದ ಸುರಕ್ಷತೆಗೆ ಐಎಸ್ 4130, ಇಟ್ಟಿಗೆ ಗೋಡೆಯ ಲೆಕ್ಕಕ್ಕೆ ಐಎಸ್ 1905 ಎಂಬ ಸಂಹಿತೆಗಳಿವೆ. ಆದರೆ ಅವು ಇರುವುದು ಇಂಗ್ಲಿಷಿನಲ್ಲಿ, ಉಳಿ ಹಿಡಿಯುವ ಕೈಗೆ ತಲುಪಿಲ್ಲ.

ಕೊನೆಗೆ ಜಾಕಿ ಇಳಿಸುವ ವಿಷಯ. ಒಂದೇ ಸಲ ತಿರುಪು ಬಿಚ್ಚಿ ಎತ್ತಿಕೊಂಡು ಹೋಗಬಾರದು, ಮರುದಿನದ ಬಾಡಿಗೆ ಉಳಿಸುವ ಆಸೆಗೆ ಹೀಗೆ ಮಾಡುವವರೇ ಹೆಚ್ಚು. ನಡುವಿನದರಿಂದ ಶುರುಮಾಡಿ ಎಲ್ಲಕ್ಕೂ ಅರ್ಧರ್ಧ ಸುತ್ತು ಸಡಿಲಿಸಿ ಒಂದು ರಾತ್ರಿ ಬಿಡಿ. ಅದಕ್ಕೂ ಮೊದಲು ಮೇಲಿನ ಮನೆಯಲ್ಲಿ ಹಳೆಯ ಬಿರುಕುಗಳಿದ್ದರೆ ಅವುಗಳ ಮೇಲೆ ಅಡ್ಡಲಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಪಟ್ಟಿ ಮೆತ್ತಿ ತಾರೀಕು ಬರೆದಿಡಿ. ಬೆಳಿಗ್ಗೆ ಪಟ್ಟಿ ಸೀಳದಿದ್ದರೆ ಉಳಿದದ್ದನ್ನು ಬಿಚ್ಚಬಹುದು. ಸೀಳಿದ್ದರೆ ಜಾಕಿಯನ್ನು ಮತ್ತೆ ಬಿಗಿಮಾಡಿ, ತೊಲೆಯ ಮೇಲಿನ ಸಂದಿಗೆ ಚಾಕುವಿನ ತುದಿ ತೂರಿಸಿ ನೋಡಿ. ತುದಿ ಒಳಗೆ ಹೋದ ಕಡೆಯೆಲ್ಲ ಬೆಣೆ ಹೊಡೆದು ಹೊಸದಾಗಿ ಗಿಡಿಯಬೇಕು.

– ಕಟ್ಟಡ ದುರಸ್ತಿ ಕೆಲಸದ ಕೆಲವು ಎಂಜಿನಿಯರುಗಳು ಮತ್ತು ಮೇಸ್ತ್ರಿಗಳು, ಮೈಸೂರು